ಚಿನ್ನ ಬಗೆದವರು ಯಾರು, ಚಪ್ಪಾಳೆ ಯಾರಿಗೆ?

ನಾನು ಚಿತ್ರವಿಮರ್ಶಕನಲ್ಲ. ಬಿಡುವು ದೊರೆತಾಗ, ಜೇಬಿನಲ್ಲಿ ಕಾಸಿದ್ದಾಗ ಚಿತ್ರಮಂದಿರಕ್ಕೆ ಹೋಗುವವನು; ಹಾಡು ಇಂಪಾಗಿದ್ದರೆ ತಲೆದೂಗುವವನು, ಹೊಡೆದಾಟ ಬಿರುಸಾಗಿದ್ದರೆ ಶಿಳ್ಳೆ ಹಾಕುವವನು. ಛಾಯಾಗ್ರಹಣ, ಸಂಕಲನಗಳ ಗುಣದೋಷವನ್ನು ಬಲ್ಲವರು ಹೇಳಲಿ. ಆದರೆ ಟಿಕೇಟಿನ ಹಣ ತೆತ್ತವನಿಗೆ ಒಂದು ಪ್ರಶ್ನೆ ಕೇಳುವ ಹಕ್ಕು ಉಂಟಷ್ಟೆ: ನಮ್ಮ ಚಿತ್ರಗಳಲ್ಲಿ ಜನರನ್ನು ಬಿಡುಗಡೆ ಮಾಡುವವನು ಯಾವಾಗಲೂ ಒಬ್ಬನೇ ಏಕೆ? ಜನ ಎಲ್ಲಿ ಹೋದರು?

‘ಕೆ.ಜಿ.ಎಫ್.’ ಚಿತ್ರವನ್ನೇ ತೆಗೆದುಕೊಳ್ಳಿ. ಮೊದಲ ಭಾಗ 2018ರ ಡಿಸೆಂಬರಿನಲ್ಲಿ, ಎರಡನೆಯ ಭಾಗ 2022ರ ಏಪ್ರಿಲಿನಲ್ಲಿ ತೆರೆ ಕಂಡವು. ಕನ್ನಡ ಚಿತ್ರವೊಂದು ದೇಶದ ಮೂಲೆ ಮೂಲೆಯನ್ನೂ ಮುಟ್ಟಿತೆಂದು ನಾವೆಲ್ಲ ಹೆಮ್ಮೆಪಟ್ಟೆವು. ಹೆಮ್ಮೆ ಇರಲಿ, ಕಥೆಯನ್ನೂ ಕೊಂಚ ನೋಡೋಣ. ನರಾಚಿ ಎಂಬ ಕಲ್ಪಿತ ಗಣಿಯಲ್ಲಿ ಸಾವಿರಾರು ಜನ ಗುಲಾಮರು ಚಾಟಿಯೇಟು ತಿನ್ನುತ್ತ ಚಿನ್ನ ಬಗೆಯುತ್ತಾರೆ. ಅಳುತ್ತಾರೆ, ಸಾಯುತ್ತಾರೆ, ಆಕಾಶ ನೋಡುತ್ತಾರೆ. ಮುಂಬಯಿಯಿಂದ ಬಂದ ರಾಕಿ ಎಂಬ ವೀರ ಅಲ್ಲಿಯ ಧಣಿಯನ್ನು ಕೊಂದು ತಾನೇ ಧಣಿಯಾಗುತ್ತಾನೆ. ಆಮೇಲೆ? ಗಣಿಗಾರಿಕೆ ನಿಲ್ಲುವುದಿಲ್ಲ, ಇನ್ನಷ್ಟು ಬೆಳೆಯುತ್ತದೆ. ಕೊನೆಗೆ ಆ ಜನ ಬಗೆದ ಚಿನ್ನವನ್ನೆಲ್ಲ ಹಡಗಿಗೆ ಹೇರಿಕೊಂಡು ಅದರೊಡನೆಯೇ ಕಡಲಿಗೆ ಇಳಿಯುತ್ತಾನೆ. ತಾಯಿಗೆ ಕೊಟ್ಟ ಮಾತಂತೆ! ಬೆವರು ಸುರಿಸಿದ ಸಾವಿರಾರು ತಾಯಂದಿರಿಗೆ ಯಾರು ಏನು ಮಾತು ಕೊಟ್ಟಿದ್ದರು? ಚಿತ್ರ ಅದನ್ನು ಕೇಳುವುದಿಲ್ಲ. ಗುಲಾಮರು ಧಣಿಯನ್ನು ಬದಲಾಯಿಸಿಕೊಂಡರು, ನಾವು ಚಪ್ಪಾಳೆ ತಟ್ಟಿದೆವು.

ಕಲ್ಪನೆಯ ಕಥೆಗೆ ಇಷ್ಟೇಕೆ ಕೋಪ ಎನ್ನುವವರುಂಟು. ಕಥೆ ಕಲ್ಪನೆಯಾದರೂ ಹೆಸರು ಕಲ್ಪನೆಯಲ್ಲ. ಚಿತ್ರೀಕರಣಕ್ಕೆ ಬಳಸಿದ ಸಯನೈಡ್ ದಿಬ್ಬಗಳು ಕಲ್ಪನೆಯಲ್ಲ. ಅವು ಕೋಲಾರದ ಚಿನ್ನದ ಗಣಿಯಲ್ಲಿ ಅದಿರನ್ನು ಅರೆದು, ಚಿನ್ನ ತೆಗೆದು ಉಳಿಸಿದ ಹೊಟ್ಟಿನ ಗುಡ್ಡಗಳು. 1880ರಲ್ಲಿ ಅಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೈಸೂರಿನ ಮನೆಗಳಿಗಿಂತ ಮೊದಲು ಆ ಗಣಿಗೆ ಹರಿಯಿತು. ಮೂರು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ, ಕುದಿಯುವ ಶಾಖದಲ್ಲಿ ಕಲ್ಲು ಒಡೆದವರು ಬಹುಪಾಲು ದಲಿತರು. ಕಲ್ಲಿನ ದೂಳು ಕುಡಿದು, ಸಿಲಿಕೋಸಿಸ್ ಹಿಡಿದು, ಉಸಿರು ಕಟ್ಟಿ ಸತ್ತವರು ಅವರು.

ಅವರು ಯಾವ ರಾಕಿಗಾಗಿ ಕಾದು ಕುಳಿತಿದ್ದರು? 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದುಕೊಳ್ಳುವ ಕ್ರಮವನ್ನು ಕಂಪನಿ ಜಾರಿಗೆ ತಂದಾಗ, ಬೆರಳಚ್ಚು ಕೊಡಲು ನಾವು ಕಳ್ಳರೇ ಎಂದು ಕೇಳಿ ಸಾವಿರಾರು ಜನ ಕೆಲಸ ಬಿಟ್ಟು ಹೊರಬಂದರು. ಆಗ ಅವರಿಗೆ ಸಂಘವೂ ಇರಲಿಲ್ಲ. ಮೂರು ವಾರ ಗಣಿ ನಿಂತಿತು. 1946ರ ನವೆಂಬರ್ 4ರಂದು ಮುಷ್ಕರ ನಿರತರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಆರು ಮಂದಿ ಕಾರ್ಮಿಕರು ಸತ್ತರು. ಇದು ಕಥೆಯಲ್ಲವೇ? ಇದರಲ್ಲಿ ಶೌರ್ಯವಿಲ್ಲವೇ, ಕಣ್ಣೀರಿಲ್ಲವೇ? ಅವರ ಮನೆಮಾತು ತಮಿಳೋ ತೆಲುಗೋ ಆಗಿತ್ತೆಂಬ ಕಾರಣಕ್ಕೆ ಅವರ ಬಾಳು ನಮ್ಮದಲ್ಲವಾಯಿತೇ? ಅವರು ಬಗೆದ ಚಿನ್ನದ ರಾಜಧನ ಮೈಸೂರಿನ ಬೊಕ್ಕಸಕ್ಕೆ ಬರುವಾಗ ಯಾರೂ ಅದರ ಭಾಷೆ ವಿಚಾರಿಸಲಿಲ್ಲ.

ಈ ಒಂಟಿ ವೀರ ಹೊಸಬನಲ್ಲ. 1972ರ ‘ಬಂಗಾರದ ಮನುಷ್ಯ’ದ ರಾಜೀವ ಬರಡು ನೆಲವನ್ನು ಹಸನು ಮಾಡಿದ. ಅವನೂ ಒಬ್ಬಂಟಿಯೇ, ಆದರೆ ಅವನ ಕೈಯಲ್ಲಿ ಗುದ್ದಲಿ ಇತ್ತು, ಮೈಯಲ್ಲಿ ಬೆವರಿತ್ತು. 1995ರ ‘ಓಂ’ ಚಿತ್ರಕ್ಕೆ ಜನ ಇಂದಿಗೂ ಪೂಜೆ ಸಲ್ಲಿಸುತ್ತಾರೆ. ಅದು ನೂರಾರು ಸಲ ಮರುಬಿಡುಗಡೆಯಾಗಿದೆ. ಅಲ್ಲಿ ನಾಯಕನ ಕೈಗೆ ಮಚ್ಚು ಬಂತು. ರೌಡಿಯ ಬಾಳಿನ ದುರಂತವನ್ನು ಹೇಳಲು ಹೊರಟ ಚಿತ್ರದಿಂದ ಮಂದಿ ಮಚ್ಚನ್ನು ಮಾತ್ರ ಮನೆಗೆ ಒಯ್ದರು. ‘ಕೆ.ಜಿ.ಎಫ್.’ಗೆ ಬರುವ ಹೊತ್ತಿಗೆ ಅದು ಪೋಲೀಸ್ ಠಾಣೆಯನ್ನೇ ಪುಡಿಮಾಡುವ ಮೆಷಿನ್‌ಗನ್ ಆಯಿತು. ಗುದ್ದಲಿ, ಮಚ್ಚು, ಮೆಷಿನ್‌ಗನ್: ಆಯುಧ ಹಿಗ್ಗಿದಷ್ಟೂ ಸುತ್ತಲಿನ ಜನ ಕುಗ್ಗಿದರು.

2023ರ ಕೊನೆಯಲ್ಲಿ ಬಂದ ‘ಕಾಟೇರ’ ಗೇಣಿದಾರರ ಸಂಕಟವನ್ನೂ ಭೂಸುಧಾರಣೆಯನ್ನೂ ತೆರೆಗೆ ತಂದಿತು. ಅಷ್ಟರ ಮಟ್ಟಿಗೆ ಶಹಬಾಸ್ ಎನ್ನೋಣ. ಆದರೆ ಅಲ್ಲಿಯೂ ಲೆಕ್ಕ ಚುಕ್ತಾ ಮಾಡುವುದು ನಾಯಕನ ತೋಳೇ. ನಿಜವಾಗಿ ನಡೆದುದೇನು? 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು, ಗೇಣಿ ಅಳೆಯುವ ಕೊಳಗದ ಗಾತ್ರವನ್ನು ಪ್ರಶ್ನಿಸಿ ಎದ್ದು ನಿಂತರು. ಎಚ್. ಗಣಪತಿಯಪ್ಪನವರು ಜೊತೆಗಿದ್ದರು, ಗೋಪಾಲಗೌಡರು ಬಂದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಆದರೂ ತಂಡತಂಡವಾಗಿ ಗದ್ದೆಗಿಳಿದು ಜೈಲಿಗೆ ಹೋದವರು ಹೆಸರಿಲ್ಲದ ಒಕ್ಕಲುಗಳು. ಉಳುವವನೇ ನೆಲದೊಡೆಯನೆಂಬ ಮಾತು 1974ರಲ್ಲಿ ಕಾಯಿದೆಗೆ ಇಳಿದುದು ಇಂಥ ಹೋರಾಟಗಳ ಒತ್ತಡದಿಂದ, ಯಾವನೊಬ್ಬನ ಮಚ್ಚಿನಿಂದಲ್ಲ.

‘ಜನ ಬಯಸುವುದನ್ನು ಕೊಡುತ್ತೇವೆ’ ಎಂಬುದು ಬಂಡವಾಳ ಹಾಕುವವರ ಹಳೆಯ ಸಬೂಬು. ಹಾಗಾದರೆ 2016ರಲ್ಲಿ ‘ತಿಥಿ’ಯನ್ನು ನೋಡಿದವರು ಯಾರು? ಮಂಡ್ಯದ ಹಳ್ಳಿಯವರೇ ನಟಿಸಿದ, ನಾಯಕನೇ ಇಲ್ಲದ ಆ ಚಿತ್ರಕ್ಕೆ ಜನ ಬಿದ್ದುಬಿದ್ದು ನಕ್ಕರು. ಐದೆಕರೆ ನೆಲಕ್ಕಾಗಿ ಮಗ ಅಪ್ಪನನ್ನು ಸತ್ತನೆಂದು ತೋರಿಸ ಹೊರಟುದನ್ನು ಕಂಡು ಒಳಗೊಳಗೇ ನೊಂದರು. ಜನರ ರುಚಿ ಕೆಟ್ಟಿಲ್ಲ. ಬಡಿಸುವವರ ಕೈ ಕೆಟ್ಟಿದೆ.

ಮನರಂಜನೆ ಬೇಡವೆನ್ನುವ ಮಡಿವಂತಿಕೆ ನನ್ನದಲ್ಲ. ಹಗಲೆಲ್ಲ ದುಡಿದವನಿಗೆ ಮೂರು ಗಂಟೆ ನಗುವ, ಕುಣಿಯುವ ಹಕ್ಕಿದೆ. ನನ್ನ ತಕರಾರು ಇಷ್ಟೇ: ಯಾರೋ ಒಬ್ಬ ಬಂದು ಬಿಡಿಸುವನೆಂದು ತೆರೆಯ ಮೇಲೆ ದಿನವೂ ಕಲಿತವನು, ನಾಳೆ ಮತಗಟ್ಟೆಯಲ್ಲಿಯೂ ಅಂಥ ಒಬ್ಬನನ್ನೇ ಹುಡುಕುತ್ತಾನೆ, ಕಾರ್ಖಾನೆಯ ಬಾಗಿಲಲ್ಲಿ ಪಕ್ಕದವನ ಕೈ ಹಿಡಿಯುವುದನ್ನು ಮರೆಯುತ್ತಾನೆ.

ಕೋಲಾರದ ಗಣಿಯನ್ನು 2001ರ ಫೆಬ್ರವರಿ 28ರಂದು ಮುಚ್ಚಲಾಯಿತು. ಚಿನ್ನ ಬಗೆದವರ ಮಕ್ಕಳು ಕೂಲಿ, ನೌಕರಿ ಅರಸಿ ನಸುಕಿಗೇ ಮಾರಿಕುಪ್ಪಂನಿಂದ ಬೆಂಗಳೂರಿಗೆ ರೈಲು ಹತ್ತುವಂತಾಯಿತು. ಅವರ ಊರಿನ ಹೆಸರನ್ನು ಬಳಸಿ ಕೋಟಿ ಕೋಟಿ ಗಳಿಸಿದ ಚಿತ್ರೋದ್ಯಮ, ಅವರ ಅಜ್ಜಂದಿರು ಗಣಿ ನಿಲ್ಲಿಸಿದ ಆ ಮೂರು ವಾರಗಳನ್ನು ಚಿತ್ರ ಮಾಡಿ ತೋರಿಸಲಿ. ಟಿಕೇಟು ಕೊಳ್ಳಲು ನಾವು ಸಿದ್ಧ. ಶಿಳ್ಳೆಯನ್ನೂ ಹಾಕುತ್ತೇವೆ.