ಸೀಸದ ಮುದ್ರೆ, ಓದಲಾರದ ಕೈ

ಅಕ್ಷರ ಬಾರದಿರುವುದೇ ಅರ್ಹತೆಯಾಗಿದ್ದ ಉದ್ಯೋಗವೊಂದು ಹಿಂದೆ ರೋಮಿನಲ್ಲಿ ಇತ್ತೆಂದರೆ ಸೋಜಿಗವಾದೀತು. ಪೋಪರ ಪತ್ರಗಳಿಗೆ ಸೀಸದ ಮುದ್ರೆಯನ್ನೊತ್ತುವ ಕೆಲಸವದು. 13ನೆಯ ಶತಮಾನದಲ್ಲಿ ಸಿಸ್ಟರ್ಶಿಯನ್ ಪಂಥದ ಸೇವಕ ಸೋದರರು ಅದನ್ನು ನಿರ್ವಹಿಸುತ್ತಿದ್ದರು. ಓದಬಲ್ಲವನು ಗುಟ್ಟನ್ನು ಮಾರಿಯಾನು. ಓದಲಾರದವನಿಗೆ ಎಲ್ಲ ಕಾಗದವೂ ಒಂದೇ.

ಆ ಮುದ್ರೆಗೆ ಲ್ಯಾಟಿನ್ ಭಾಷೆಯಲ್ಲಿ 'ಬುಲ್ಲಾ' ಎಂದು ಹೆಸರು. ಅದರಿಂದಲೇ ಇಂಗ್ಲಿಷರು ಪತ್ರವನ್ನೂ 'ಬುಲ್' ಎಂದು ಕರೆದರು. ಗೂಳಿಗೂ ಇದಕ್ಕೂ ಸಂಬಂಧವೇನೂ ಇಲ್ಲ! ಚರ್ಮಪತ್ರದ ಕೆಳಗಿನ ಅಂಚನ್ನು ಮಡಿಸಿ, ರಂಧ್ರ ಕೊರೆದು, ದಾರ ಪೋಣಿಸಿ, ಅದರ ತುದಿಗಳನ್ನು ಸೀಸದ ಬಿಲ್ಲೆಯೊಳಗೆ ಸೇರಿಸಿ ಎರಡು ಅಚ್ಚುಗಳ ನಡುವೆ ಒತ್ತುತ್ತಿದ್ದರು. ಒಂದು ಮುಖದಲ್ಲಿ ಸಂತ ಪೀಟರ್ ಮತ್ತು ಸಂತ ಪಾಲ್. ಇನ್ನೊಂದರಲ್ಲಿ ಆಳುವ ಪೋಪರ ಹೆಸರು. ಪೋಪರು ಕಾಲವಾದರೆ ಹೆಸರಿನ ಅಚ್ಚನ್ನು ಒಡೆದುಹಾಕುತ್ತಿದ್ದರು. ಸಂತರ ಅಚ್ಚು ಮಾತ್ರ ಮುಂದಿನವರಿಗೂ ಸಲ್ಲುತ್ತಿತ್ತು. ದಾರಕ್ಕೂ ಅರ್ಥವಿತ್ತು. ಹಕ್ಕನ್ನೋ ಅನುಗ್ರಹವನ್ನೋ ನೀಡುವ ಪತ್ರಕ್ಕೆ ಕೆಂಪು-ಹಳದಿ ರೇಷ್ಮೆ. ಆಜ್ಞೆಗೆ, ನ್ಯಾಯವಿಚಾರಣೆಗೆ ಒರಟು ಸೆಣಬು. ಪತ್ರವನ್ನು ಓದುವ ಮೊದಲೇ ಎದೆ ಹಗುರಾಗುವುದೋ ನಡುಗುವುದೋ ದಾರದಿಂದಲೇ ತೀರ್ಮಾನವಾಗುತ್ತಿದ್ದಿರಬೇಕು.

ಒಂದು ಮಠದ ಜಮೀನು, ಒಬ್ಬ ಪಾದ್ರಿಯ ಜೀವನೋಪಾಯ ಇಂಥ ಪತ್ರವನ್ನೇ ನಂಬಿ ನಿಂತಿರುವಾಗ ಕಳ್ಳರು ಸುಮ್ಮನಿರುವರೆ? 1198ರಲ್ಲಿ, ಮೂರನೆಯ ಇನೊಸೆಂಟ್ ಪಟ್ಟವೇರಿದ ವರ್ಷವೇ, ರೋಮಿನಲ್ಲಿ ಖೋಟಾ ಪತ್ರಗಳನ್ನು ಸೃಷ್ಟಿಸುತ್ತಿದ್ದವರು ಸಿಕ್ಕಿಬಿದ್ದರು. ಅವರ ಕೈಚಳಕವನ್ನೆಲ್ಲ ಪೋಪರು ಒಂದು ಪತ್ರದಲ್ಲಿ ವಿವರವಾಗಿ ಬರೆದು ಎಚ್ಚರಿಸಿದ್ದಾರೆ. ಸುಳ್ಳು ಪತ್ರಕ್ಕೆ ಸುಳ್ಳು ಮುದ್ರೆ ಹಚ್ಚುವುದು ಒಂದು ಬಗೆ. ನಿಜವಾದ ಮುದ್ರೆಯ ದಾರವನ್ನು ಎಳೆದು ತೆಗೆದು, ಆ ಮುದ್ರೆಯನ್ನು ಬೇರೆ ದಾರದಿಂದ ಸುಳ್ಳು ಪತ್ರಕ್ಕೆ ಕಟ್ಟುವುದು ಇನ್ನೊಂದು. ನಿಜವಾದ ಪತ್ರದಲ್ಲೇ ಒಂದೆರಡು ಅಕ್ಷರಗಳನ್ನು ಹೆರೆದು ತಿದ್ದುವವರೂ ಇದ್ದರು. ಎಲ್ಲಕ್ಕಿಂತ ಜಾಣತನದ್ದು, ಮುದ್ರೆಗಾಗಿ ಕಾದಿರುವ ಪತ್ರಗಳ ರಾಶಿಗೆ ಮೆಲ್ಲನೆ ಒಂದು ಸುಳ್ಳು ಪತ್ರವನ್ನು ಸೇರಿಸಿಬಿಡುವುದು. ಅಲ್ಲಿ ಮುದ್ರೆಯೂ ನಿಜ, ದಾರವೂ ನಿಜ. ಓದಲಾರದ ಕೈ ಗುಟ್ಟನ್ನೇನೋ ಕಾಪಾಡೀತು. ಇಂಥ ಮೋಸವನ್ನು ಹಿಡಿಯುವುದೆಂತು? ಇದನ್ನು ಬರವಣಿಗೆಯ ಶೈಲಿ, ಅಕ್ಷರದ ರೂಪ, ಚರ್ಮಪತ್ರದ ಗುಣ ಇವುಗಳಿಂದಲ್ಲದೆ ಬೇರೆ ರೀತಿಯಲ್ಲಿ ಗುರುತಿಸುವುದು ಕಷ್ಟವೆಂದು ಇನೊಸೆಂಟರೇ ಒಪ್ಪಿಕೊಂಡರು.

ಆದರೆ ಮುಂದಿನ ಶತಮಾನಗಳಲ್ಲಿ ಆ ಅಕ್ಷರವೇ ಒಗಟಾಯಿತು. ಪೋಪರ ಕಚೇರಿಯ ವಿಶೇಷ ಲಿಪಿ ಎಷ್ಟು ತೊಡಕಾಯಿತೆಂದರೆ, ಮೂಲಪತ್ರದೊಡನೆ ಸುಲಭವಾಗಿ ಓದಬಹುದಾದ ಪ್ರತಿಯೊಂದನ್ನು ಕಳಿಸಬೇಕಾಗುತ್ತಿತ್ತು! 1878ರಲ್ಲಿ ಹದಿಮೂರನೆಯ ಲಿಯೋ ಆ ಲಿಪಿಯನ್ನು ಕೈಬಿಡಿಸಿದರು. ಸೀಸವನ್ನು ಮಹತ್ವದ ಪತ್ರಗಳಿಗಷ್ಟೇ ಉಳಿಸಿ, ಮಿಕ್ಕವಕ್ಕೆ ಕೆಂಪು ಶಾಯಿಯ ಮೊಹರು ಸಾಕೆಂದರು.