ಇಪ್ಪತ್ತೊಂಬತ್ತರ ಪಕ್ಕದ ಹದಿನೈದು

ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣಾಂಶ ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಪಟ್ಟಿ. ಟಾನಿಕ್ ಮಾರುವವರಿಗೆ ಈ ಅಂಕಿ ಬಾಯಿಪಾಠ. ಅದೇ ಪಟ್ಟಿಯಲ್ಲಿ ಇನ್ನೊಂದು ಅಂಕಿಯೂ ಇದೆ: 15. ಅದರ ಸುದ್ದಿ ಎತ್ತುವವರು ಕಡಿಮೆ.

ಹದಿನೈದು ಎಂಬುದು ಸರಾಸರಿ ಅಗತ್ಯ. ಬೆವರು, ಕರುಳು, ಮುಟ್ಟಿನ ಮೂಲಕ ದೇಹ ಎಷ್ಟು ಕಬ್ಬಿಣ ಕಳೆದುಕೊಳ್ಳುತ್ತದೆ ಎಂದು ತಜ್ಞರು ಮೊದಲು ಅಂದಾಜಿಸುತ್ತಾರೆ. ನಮ್ಮ ಊಟದ ಕಬ್ಬಿಣದಲ್ಲಿ ಮೈಗೆ ಹತ್ತುವುದು ಶೇ 8ರಷ್ಟು ಎಂದು ಹಿಡಿದು, ಆ ನಷ್ಟ ತುಂಬಲು ಎಷ್ಟು ತಿನ್ನಬೇಕೆಂದು ಲೆಕ್ಕ ಹಾಕುತ್ತಾರೆ. ಆರೋಗ್ಯವಂತ ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಇಷ್ಟು ಸಾಕು. ಆದರೆ ಮುಟ್ಟಿನ ಸ್ರಾವ ಎಲ್ಲರಿಗೂ ಒಂದೇ ಸಮ ಇರುವುದಿಲ್ಲ. ಹೆಚ್ಚು ಸ್ರಾವವಾಗುವವರನ್ನೂ ಸೇರಿಸಿಕೊಂಡು ನೂರಕ್ಕೆ 97ಕ್ಕೂ ಹೆಚ್ಚು ಮಂದಿಗೆ ಸಾಲುವಂತೆ ಅಂಕಿಯನ್ನು ಬೇಕೆಂದೇ ಮೇಲಕ್ಕೆ ಏರಿಸಿದಾಗ ಸಿಕ್ಕಿದ್ದು 29. ಹಾಗಾಗಿ ದಿನಕ್ಕೆ 20 ಮಿಲಿಗ್ರಾಂ ತಿನ್ನುವಾಕೆಗೆ ಕೊರತೆ ಇದೆ ಎಂದು ಊಟದ ಲೆಕ್ಕ ನೋಡಿಯೇ ತೀರ್ಮಾನಿಸುವುದು ತಪ್ಪು. ಇಡೀ ಜಿಲ್ಲೆಯ ಊಟವನ್ನು 29ರಿಂದ ಅಳೆದರಂತೂ ಇಲ್ಲದ ಕೊರತೆಯೂ ಕಾಣಿಸಿಕೊಳ್ಳುತ್ತದೆ.

ಕ್ಯಾಲರಿಗೆ ಮಾತ್ರ ಈ ಉದಾರತೆ ಇಲ್ಲ. ಅಲ್ಲಿ ಹೆಚ್ಚುವರಿ ಕೊಟ್ಟರೆ ಸೊಂಟಕ್ಕೆ ಸೇರುತ್ತದೆ.

'ಸಾಕು' ಎಂದರೆ ಯಾವುದಕ್ಕೆ ಸಾಕು ಎಂಬುದೂ ತಜ್ಞರು ಕೂತು ತೀರ್ಮಾನಿಸುವ ಸಂಗತಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ, ಆಯುಧ ಹಿಡಿಯಲೊಪ್ಪದ ಯುವಕರು ವಿಟಮಿನ್ ಸಿ ಇಲ್ಲದ ಊಟವನ್ನು ತಿಂಗಳುಗಟ್ಟಲೆ ಉಂಡರು. ಆ ಕೊರತೆಯಿಂದ ಅವರಿಗೆ ಬಂದ ಸ್ಕರ್ವಿ ರೋಗ ವಾಸಿಯಾಗಲು ದಿನಕ್ಕೆ 10 ಮಿಲಿಗ್ರಾಂ ಸಾಕಾಯಿತು. ಭಾರತದ ಪಟ್ಟಿಯಲ್ಲಿ ಗಂಡಸರಿಗೆ 2010ರಲ್ಲಿ 40 ಇದ್ದದ್ದು 2020ಕ್ಕೆ 80 ಆಯಿತು. ರೋಗ ತಡೆದರೆ ಸಾಕೋ, ದೇಹದಲ್ಲಿ ದಾಸ್ತಾನೂ ಇರಬೇಕೋ ಎಂಬುದರ ಮೇಲೆ ಅಂಕಿ ಹಿಗ್ಗುತ್ತದೆ, ಕುಗ್ಗುತ್ತದೆ.

ಅಳೆಯುವ ವಿಧಾನ ಸುಧಾರಿಸಿದಾಗಲೂ ಹೀಗೇ. ಅಕ್ಕಿ, ಗೋಧಿಯಲ್ಲಿ ಕಡಿಮೆ, ಬೇಳೆಯಲ್ಲಿ ಧಾರಾಳವಾಗಿರುವ ಲೈಸಿನ್ ಎಂಬ ಅಮೈನೋ ಆಮ್ಲ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 12 ಮಿಲಿಗ್ರಾಂ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತಿತರ ಸಂಸ್ಥೆಗಳ 1985ರ ವರದಿ ಹೇಳಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಅನುರಾ ಕುರ್ಪಾಡ್ ಮತ್ತು ಸಂಗಡಿಗರು ಜಾಡು ಹಿಡಿಯಲು ಗುರುತು ಹಚ್ಚಿದ ಇಂಗಾಲ ಬಳಸಿ ಭಾರತೀಯರಲ್ಲೇ ಅಳೆದಾಗ, ಅಷ್ಟು ಸಾಲದು ಎಂಬುದು ಗೊತ್ತಾಯಿತು. 2007ರ ವರದಿಯಲ್ಲಿ ಅದು 30ಕ್ಕೆ ಏರಿತು.

ಇಷ್ಟೆಲ್ಲ ತರ್ಕ ಬಿಸ್ಕತ್ತಿನ ಪೊಟ್ಟಣದ ಹಿಂಬದಿಗೆ ಬರುವಷ್ಟರಲ್ಲಿ ಬರೀ ಶೇಕಡಾವಾರು ಲೆಕ್ಕವಾಗಿ ಉಳಿಯುತ್ತದೆ. ಅಲ್ಲಿನ ಗೊಂದಲ ಇನ್ನೂ ವಿಚಿತ್ರ. ಆಹಾರ ಸುರಕ್ಷತಾ ಪ್ರಾಧಿಕಾರದ ಲೇಬಲ್ ನಿಯಮದಲ್ಲಿ 2000 ಕ್ಯಾಲರಿ ಶಕ್ತಿ, 50 ಗ್ರಾಂ ಸೇರಿಸಿದ ಸಕ್ಕರೆ, 2000 ಮಿಲಿಗ್ರಾಂ ಸೋಡಿಯಂ ಎಲ್ಲವೂ ದಿನದ ಅಗತ್ಯ ಎಂಬ ಒಂದೇ ಪಂಕ್ತಿಯಲ್ಲಿ ಕೂತಿವೆ. ಸೇರಿಸಿದ ಸಕ್ಕರೆ ಯಾರಿಗೂ ಅಗತ್ಯವಲ್ಲ. 50 ಗ್ರಾಂ ಎಂಬುದು ದಾಟಬಾರದ ಗೆರೆ; ಸೋಡಿಯಂನ 2000 ಮಿಲಿಗ್ರಾಂ ಕೂಡ ಹಾಗೆಯೇ. ಪ್ರಾಧಿಕಾರ ಸಕ್ಕರೆ ಮತ್ತು ಸೋಡಿಯಂಗೆ ಬೇರೆಯೇ ಸಾಲು ಮಾಡಿ, ಅದರ ಮೇಲೆ 'ಗರಿಷ್ಠ ಮಿತಿ' ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಬೇಕು.