ಗೋಧಿಯನ್ನು ತೊರೆದವರ ತಟ್ಟೆ, ಹಾಲನ್ನು ತೊರೆದವರ ಲೋಟ

ದ್ವಿತೀಯ ಮಹಾಯುದ್ಧದ ಕಡೆಗಾಲದಲ್ಲಿ, 1944–45ರ ಚಳಿಗಾಲದ ಕ್ಷಾಮದಿಂದ ಹಾಲೆಂಡಿನ ಜನರು ಟುಲಿಪ್ ಹೂವಿನ ಗೆಡ್ಡೆಗಳನ್ನು ಬೇಯಿಸಿ ತಿನ್ನಬೇಕಾಗಿ ಬಂದಿದ್ದಾಗ, ದೀರ್ಘಕಾಲದ ಅತಿಸಾರದಿಂದ ಕೃಶರಾಗಿದ್ದ ಕೆಲವು ಮಕ್ಕಳು ಮಾತ್ರ, ಊರಿಗೆ ಊರೇ ಸೊರಗುತ್ತಿರಲು, ಚೇತರಿಸಿಕೊಂಡರೆಂದೂ, ಬ್ರೆಡ್ಡು ಮರಳಿ ದೊರೆತಾಗ ಅವರ ವ್ಯಾಧಿಯೂ ಮರಳಿತೆಂದೂ ವೈದ್ಯಕೀಯ ಚರಿತ್ರೆಯಲ್ಲಿ ಹೇಳುತ್ತಾರೆ. ವಿಲ್ಲೆಮ್ ಡಿಕೆ ಎಂಬ ಡಚ್ ಶಿಶುವೈದ್ಯನು, ಗೋಧಿಯ ವಿಷಯದಲ್ಲಿ ಯುದ್ಧಕ್ಕೆ ಮೊದಲೇ ತನಗಿದ್ದ ಸಂಶಯವನ್ನು ಪರೀಕ್ಷಿಸಿ, ಸೀಲಿಯಾಕ್ ಎಂಬ ಕರುಳಿನ ರೋಗಕ್ಕೂ ಆ ಧಾನ್ಯಕ್ಕೂ ಇರುವ ಸಂಬಂಧವನ್ನು 1950ರ ತನ್ನ ಪ್ರೌಢಪ್ರಬಂಧದಲ್ಲಿ ಪ್ರತಿಪಾದಿಸಿದನು. ಅದೇ ಯುದ್ಧವು ನಮ್ಮ ಬೆಂಗಳೂರಿನಲ್ಲಿ ಅಕ್ಕಿಯ ಅಭಾವವನ್ನುಂಟುಮಾಡಲು, ಮಾವಳ್ಳಿ ಟಿಫಿನ್ ರೂಮ್ಸಿನವರು ಗೋಧಿಯ ರವೆಯಿಂದ ಇಡ್ಲಿ ಮಾಡುವ ಉಪಾಯವನ್ನು ಕಂಡುಕೊಂಡರೆಂಬುದು ಪ್ರತೀತಿ.

ಅಂದಿನಿಂದ ಇಂದಿನವರೆಗೆ ಉಪ್ಪಿಟ್ಟು, ಕೇಸರಿಬಾತು, ರವೆದೋಸೆಗಳ ರೂಪದಲ್ಲಿ ಗೋಧಿಯು ನಮ್ಮ ಬೆಳಗಿನ ಉಪಾಹಾರದಲ್ಲಿ ಭದ್ರವಾಗಿ ನೆಲೆಯೂರಿದೆಯಾದರೂ, ಅದನ್ನು ತ್ಯಜಿಸಲೇಬೇಕಾದ ಕನ್ನಡಿಗನು ನಿರಾಶನಾಗಲು ಕಾರಣವಿಲ್ಲ. 2016ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ, ಸೀಲಿಯಾಕ್ ರೋಗವನ್ನು ಸೂಚಿಸುವ ರಕ್ತಲಕ್ಷಣವು ಉತ್ತರ ಭಾರತದಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಜನರಲ್ಲಿಯೂ, ದಕ್ಷಿಣದಲ್ಲಿ ಸಾವಿರಕ್ಕೆ ಸುಮಾರು ಒಬ್ಬರಲ್ಲಿಯೂ ಕಂಡುಬಂದಿತು; ಅಲ್ಲಿಯವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ ಇಲ್ಲಿಯವರ ಪಾಲು 25 ಗ್ರಾಂ ಮಾತ್ರ. ರಾಗಿಮುದ್ದೆ, ಜೋಳದ ರೊಟ್ಟಿ, ಅಕ್ಕಿರೊಟ್ಟಿ, ನೀರುದೋಸೆ, ಅಕ್ಕಿಯ ಕಡುಬು, ನವಣೆ ಅನ್ನ ಇವೆಲ್ಲ ಗೋಧಿ, ಜವೆಗೋಧಿಗಳಲ್ಲಿನ ಪ್ರೋಟೀನಿಗೆ ಗ್ಲುಟೆನ್ ಎಂಬ ಹೆಸರು ಹುಟ್ಟುವುದಕ್ಕೆ ಬಹು ಪೂರ್ವದಿಂದಲೂ ಗ್ಲುಟೆನ್‌ರಹಿತವಾಗಿಯೇ ಇದ್ದವು. ಹೀಗಿರುವಲ್ಲಿ, ಸಾಗರದಾಚೆಯಿಂದ ಬಂದ ಗ್ಲುಟೆನ್‌ರಹಿತ ಪಾಸ್ತಾ ಪೊಟ್ಟಣವನ್ನೂ ಬಾದಾಮಿಯ ಹಿಟ್ಟನ್ನೂ ನಾಲ್ಕುಪಟ್ಟು ಬೆಲೆ ತೆತ್ತು ಕೊಂಡುತರುವುದೇ ಪಥ್ಯವೆಂದು ತಿಳಿದಿರುವ ನಗರವಾಸಿಗಳ ಕ್ರಮ ನನಗಂತೂ ವಿಚಿತ್ರವಾಗಿ ತೋರುತ್ತದೆ.

ವ್ಯಯಿಸಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಎಚ್ಚರವನ್ನು. ಅಂಗಡಿಯಲ್ಲಿ ದೊರೆಯುವ ಇಂಗು ಶುದ್ಧವಾದ ಇಂಗಲ್ಲ. ಅದರ ಉಗ್ರತೆಯನ್ನು ತಗ್ಗಿಸಲು ಗೋಂದನ್ನೂ ಹಿಟ್ಟನ್ನೂ ಬೆರೆಸಿರುತ್ತಾರೆ, ಆ ಹಿಟ್ಟು ಅನೇಕ ವೇಳೆ ಮೈದಾ. ಅನ್ನ, ತೊಗರಿಬೇಳೆ, ಹುಣಿಸೆಹುಳಿಗಳಂತಹ ನಿರಪರಾಧಿ ಪದಾರ್ಥಗಳಿಂದಲೇ ಆದ ಊಟವು ಒಗ್ಗರಣೆಯ ಚಿಟಿಕೆಯಿಂದ ಕೆಡಬಹುದೆಂಬುದನ್ನು ಯಾರು ತಾನೇ ಊಹಿಸುತ್ತಾರೆ? ಬೀದಿಯ ಕೊನೆಯ ಹಿಟ್ಟಿನ ಗಿರಣಿಯಲ್ಲಿ, ಹಿಂದಿನವರ ಗೋಧಿಯನ್ನು ಬೀಸಿದ ಕಲ್ಲಿನಲ್ಲಿಯೇ ನಮ್ಮ ರಾಗಿಯೂ ಬೀಸಲ್ಪಟ್ಟು, ಅದರ ಶೇಷವನ್ನು ಹೊತ್ತು ಮನೆಗೆ ಬರುತ್ತದೆ. ಕಿಲೋಗ್ರಾಮಿಗೆ 20 ಮಿಲಿಗ್ರಾಂ ಮೀರದಂತೆ ಗ್ಲುಟೆನ್ ಇರುವುದನ್ನು ಮಾತ್ರ ಗ್ಲುಟೆನ್‌ರಹಿತವೆಂದು ಕರೆಯಬಹುದೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವು ವಿಧಿಸಿರುವಾಗ, ಒಂದು ಹಿಡಿ ಗೋಧಿಹಿಟ್ಟು ಅದೆಷ್ಟು ರಾಗಿಯನ್ನು ಕೆಡಿಸೀತೆಂಬುದನ್ನು ಓದುಗರೇ ಗಣಿಸಿಕೊಳ್ಳಬಹುದು. ಮನೆಯಲ್ಲಿಯೇ ಬೀಸಿಕೊಳ್ಳುವುದು, ಇಲ್ಲವೇ ಗಿರಣಿಯವನನ್ನು ಕೇಳಿಕೊಂಡು ರಾಗಿಗೆಂದೇ ಮೀಸಲಾದ ಯಂತ್ರದಲ್ಲಿ ಬೀಸಿಸುವುದು ಮೇಲು. ಸೋಯಾ ಸಾಸ್, ಜವೆಗೋಧಿಯ ಮಾಲ್ಟ್ ಬೆರೆತ ಪಾನೀಯದ ಪುಡಿಗಳು, ಮೈದಾ ಹೊದ್ದ ಗೋಬಿ ಮಂಚೂರಿ ಇವುಗಳ ವಿಷಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಲಿನ ಪ್ರಶ್ನೆ ಇದಕ್ಕಿಂತ ಜಟಿಲವಾದುದು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವವು ಸಣ್ಣಕರುಳಿನ ಒಳಪದರದ ಸೂಕ್ಷ್ಮವಾದ ಕುಚ್ಚುಗಳ ತುದಿಯಲ್ಲಿರುವುದರಿಂದ, ಸೀಲಿಯಾಕ್ ರೋಗದಲ್ಲಿ ಆ ಕುಚ್ಚುಗಳು ನಶಿಸಿದಾಗ ಹಾಲೂ ಅಜೀರ್ಣವಾಗುತ್ತದೆ. ಎರಡು ಪಥ್ಯಗಳು ಜೊತೆಗೂಡಿ ಬರುವುದಕ್ಕೆ ಇದೊಂದು ಕಾರಣ. ಗೋಧಿಯನ್ನು ಬಿಟ್ಟು ಕರುಳು ಮಾಯ್ದ ಮೇಲೆ ಅನೇಕರು ಮರಳಿ ಹಾಲು ಕುಡಿಯಬಲ್ಲರಾದ್ದರಿಂದ, ಅಂಥವರಿಗೆ ಆಜೀವ ನಿಷೇಧವನ್ನು ಹೇರುವುದು ಅನಾವಶ್ಯಕ. ಕೇವಲ ಲ್ಯಾಕ್ಟೋಸ್ ಸಹಿಸದವರಿಗೆ, ಹೆಪ್ಪಿನ ಸೂಕ್ಷ್ಮಜೀವಿಗಳು ಒಂದಿಷ್ಟು ಸಕ್ಕರೆಯನ್ನು ಮೊದಲೇ ಜೀರ್ಣಿಸಿಟ್ಟಿರುವ ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ, ತುಪ್ಪವಂತೂ ಒಗ್ಗಿಯೇ ಒಗ್ಗುತ್ತದೆ. ಹಾಲಿನ ಪ್ರೋಟೀನೇ ಆಗದ ಅಲರ್ಜಿಯವರಿಗಾದರೋ ಈ ಸಡಿಲಿಕೆಗಳು ಸಲ್ಲವು.

ನಿಜವಾಗಿಯೂ ಹಾಲನ್ನು ಬಿಡಬೇಕಾದವರು ಸುಣ್ಣಾಂಶಕ್ಕಾಗಿ ಎಲ್ಲಿಗೆ ಹೋಗಬೇಕು? ಇಲ್ಲಿಯೂ ರಾಗಿಯೇ ಗತಿ: ನೂರು ಗ್ರಾಂ ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಅಷ್ಟೇ ತೂಕದ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಉಂಟು, ಅದರಲ್ಲಿನ ಫೈಟೇಟು ಆ ಕ್ಯಾಲ್ಸಿಯಂ ಅನ್ನು ಮೈಗೂಡಗೊಡದೆ ತಡೆಯುವುದಾದರೂ, ಮೊಳಕೆ ಬರಿಸಿದ ರಾಗಿಯಲ್ಲಿ ಆ ತಡೆ ತಗ್ಗುತ್ತದೆ. ಎಳ್ಳು, ನುಗ್ಗೆಸೊಪ್ಪು, ಹುರುಳಿಗಳು ಜೊತೆಗಿರಲಿ. ರುಚಿಗೆ ಕಾಯಿಹಾಲಿದೆ, ಒತ್ತುಶಾವಿಗೆಯನ್ನು ಅದರಲ್ಲಿ ನೆನೆಸಿ ತಿಂದವರಿಗೆ ಬೇರೆ ಸಮಾಧಾನ ಬೇಕಿಲ್ಲ. ಆದರೆ ಕಾಯಿಹಾಲಿನಲ್ಲಿ ಕ್ಯಾಲ್ಸಿಯಂ ಅತ್ಯಲ್ಪ, ಪ್ರೋಟೀನೂ ಅಷ್ಟಕ್ಕಷ್ಟೆ. ಅದು ಹಾಲಿನ ಸ್ಥಾನವನ್ನು ತುಂಬಿತೆಂದು ಭ್ರಮಿಸಲಾಗದು. ಇನ್ನೊಂದು ಕೊರತೆಯನ್ನು ಯಾವ ಧಾನ್ಯವೂ ಯಾವ ಸೊಪ್ಪೂ ನೀಗಲಾರದು: ಶಾಕಾಹಾರಿಗಳಿಗೆ ಬಿ12 ಜೀವಸತ್ವದ ಪ್ರಮುಖ ಮೂಲವೇ ಹಾಲು ಮೊಸರುಗಳಾದ್ದರಿಂದ, ಮೊಟ್ಟೆ ಮೀನುಗಳನ್ನೂ ಒಲ್ಲದವರು ವೈದ್ಯರ ಸಲಹೆಯಂತೆ ಮಾತ್ರೆಯನ್ನು ಆಶ್ರಯಿಸಬೇಕು.

ನೆರೆಯವರ ಮಾತನ್ನು ಕೇಳಿ ಮೊದಲು ಗೋಧಿಯನ್ನು ಬಿಟ್ಟು, ತಿಂಗಳುಗಳಾದ ಮೇಲೆ ರಕ್ತಪರೀಕ್ಷೆಗೆ ಹೋಗುವ ಪರಿಪಾಠವಂತೂ ಸರ್ವಥಾ ತ್ಯಾಜ್ಯ; ಗೋಧಿಯನ್ನು ತಿನ್ನುತ್ತಿರುವಾಗಲೇ ಪರೀಕ್ಷೆ ನಡೆಯದಿದ್ದರೆ, ರೋಗವಿದ್ದೂ ಇಲ್ಲವೆಂಬ ಫಲಿತಾಂಶ ಬರಬಹುದು.

ಪೊಟ್ಟಣಗಳ ಮೇಲೆ ಗ್ಲುಟೆನ್ ಧಾನ್ಯಗಳನ್ನೂ ಹಾಲನ್ನೂ ನಮೂದಿಸಬೇಕೆಂದು 2020ರ ನಿಯಮಗಳು ವಿಧಿಸಿವೆ. ಹತ್ತು ಅಥವಾ ಹೆಚ್ಚು ಶಾಖೆಗಳುಳ್ಳ ಹೋಟೆಲುಗಳೂ ಈ ಮಾಹಿತಿಯನ್ನು ನೀಡಬೇಕು. ಆದರೆ ನಮ್ಮಲ್ಲಿ ಬಹುಮಂದಿ ತಿಂಡಿ ತಿನ್ನುವುದು ಒಂದೇ ಅಂಗಡಿಯುಳ್ಳ ದರ್ಶಿನಿಗಳಲ್ಲಿ. ಕಾನೂನಿನ ಬಲವಂತವಿಲ್ಲದೆಯೂ ಅಲ್ಲಿಯ ಮಾಲೀಕರು ದರಪಟ್ಟಿಯ ಪಕ್ಕದಲ್ಲಿ, ಸಾಂಬಾರಿನ ಇಂಗಿನಲ್ಲಿ ಮೈದಾ ಇದೆಯೇ, ದೋಸೆಯ ಹಿಟ್ಟಿಗೆ ರವೆ ಬೆರೆತಿದೆಯೇ, ಪಲ್ಯಕ್ಕೆ ಬೆಣ್ಣೆ ಬಿದ್ದಿದೆಯೇ ಎಂಬ ಎರಡು ಸಾಲನ್ನು ಬರೆಯಿಸಬಹುದು. ಅದಕ್ಕೆ ತಗಲುವ ವೆಚ್ಚ ಒಂದು ಸೀಮೆಸುಣ್ಣದ ಕಡ್ಡಿ.